ಯಾರೋ ಬಿಟ್ಟುಕೊಟ್ಟ ಭಾನುವಾರ

"ಅತೀ ಕಮ್ಮಿ ಖರ್ಚಲ್ಲಿ ಮದುವೆ ಆಗಬೇಕು ಅಂದ್ರೆ ಎಷ್ಟಾಗತ್ತೆ?"

ಕೌಂಟರಿನ ಆಚೆ ನಿಂತು ಬಲ್ಬಣ್ಣ ಹೀಗೆ ಕೇಳಿದಾಗ ರಸೀದಿ ಅಕ್ಕನ ಎದೆಯೊಳಗೆ ಏನೋ ಸಣ್ಣಗೆ ಚುಚ್ಚಿತು. ಆರು ವರ್ಷದಿಂದ ಈ ಕಲ್ಯಾಣ ಮಂಟಪದಲ್ಲಿ ಅವನು ಏಣಿಯ ಮೇಲೆ, ಅವಳು ಮೆಟ್ಟಿಲ ಕೆಳಗಿನ ಈ ಇಕ್ಕಟ್ಟು ಆಫೀಸಿನಲ್ಲಿ. ಅವನು ಸೀರಿಯಲ್ ಸೆಟ್ಟಿನ ದೀಪ ಕಟ್ಟುತ್ತಿದ್ದ, ಅವಳು ಮುಂಗಡ ಪಡೆದು ರಸೀದಿ ಹರಿದು ಕೊಡುತ್ತಿದ್ದಳು. ಅವರ ನಿಜವಾದ ಹೆಸರು ಸಂಬಳದ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಹಾಗಾದರೆ ಇವನಿಗೂ ಎಲ್ಲೋ ಹುಡುಗಿ ಗೊತ್ತಾಗಿದ್ದಾಳೆ. ಆಗಲಿ, ಒಳ್ಳೆಯದೇ. ಅವಳು ಫಾರಂ ಎಳೆದುಕೊಂಡಳು.

"ಎಷ್ಟು ಜನ?"

"ಒಂದು ಅರವತ್ತು."

"ಬೆಳಗ್ಗೆ ಮಾತ್ರ ತಗೊಳ್ಳಿ, ಅರ್ಧ ದಿನದ ರೇಟು ಬೀಳತ್ತೆ. ಲೈಟಿಂಗ್?"

"ಅದು ಫ್ರೀ. ಹುಡುಗ ಪರಿಚಯದವನು."

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡು, "ಹುಡುಗಿ ಹೆಸರು?" ಎಂದಳು.

ಬಲ್ಬಣ್ಣ ಕೈಯಲ್ಲಿದ್ದ ಟೆಸ್ಟರನ್ನು ಕಿವಿಯ ಹಿಂದಿಟ್ಟ, ಮತ್ತೆ ತೆಗೆದ. "ಬರ್ಕೊಳ್ಳಿ. ನಿಮಗೆ ಗೊತ್ತಿರೋ ಹೆಸರೇ."

"ನನಗೆ ಹೇಗೆ ಗೊತ್ತಿರತ್ತೆ?"

"ಗೊತ್ತಿಲ್ದೆ ಏನು, ಮೂವತ್ತೆಂಟು ವರ್ಷದಿಂದ ನೀವು ಇಟ್ಕೊಂಡಿರೋದು ಅದೇ ಹೆಸರು ತಾನೇ?"

ಪೆನ್ನು ಅಲ್ಲೇ ನಿಂತಿತು. ಅವಳು ತಲೆ ಎತ್ತಿದಾಗ ಅವನು ಗೋಡೆಯ ಸ್ವಿಚ್‌ಬೋರ್ಡನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿರುವವನಂತೆ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ನಲವತ್ತೆರಡರ ಗಂಡಸಿನ ಕಿವಿ ಹಾಗೆ ಕೆಂಪಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಕ್ಯಾನ್ಸಲ್ ಮಾಡಿದ್ರೆ ಮುಂಗಡ ವಾಪಸ್ ಬರಲ್ಲ," ಎಂದಳು ಮೆಲ್ಲಗೆ.

"ಮಾಡಲ್ಲ," ಎಂದ ಅವನು.

ಅದಾಗಿ ಎರಡು ವರ್ಷ ಕಳೆದವು. ಮದುವೆ ಮಾತ್ರ ಆಗಲಿಲ್ಲ.

ಇಬ್ಬರೇ ಹೋಗಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬರಬಹುದಿತ್ತು. ಬಲ್ಬಣ್ಣ ಒಮ್ಮೆ ಹಾಗೆ ಅಂದೂ ಇದ್ದ. ಆದರೆ ಅವಳ ಅಮ್ಮ ಮದುವೆಯಾದದ್ದು ಹಾಗೆ: ಮನೆಯವರಿಗೆ ಹೇಳದೆ, ಕಾರಿಡಾರಿನಲ್ಲಿ ನಿಂತಿದ್ದ ಯಾರೋ ಮೂವರನ್ನು ಸಾಕ್ಷಿಗೆ ಕರೆದು. ಗಂಡ ಒಳ್ಳೆಯವನೇ, ಇದ್ದಷ್ಟು ದಿನ ಕಣ್ಣಲ್ಲಿಟ್ಟು ನೋಡಿಕೊಂಡ. ಆದರೂ ಯಾರ ಮದುವೆಯಿಂದ ಬಂದರೂ ಅಮ್ಮ ಒಂದು ಮಾತು ಅನ್ನುತ್ತಿದ್ದರು. "ನನ್ನ ಮದುವೆಗೆ ಒಂದು ನಾಯಿಯೂ ಬರಲಿಲ್ಲ ಕಣೇ. ನಿನ್ನ ಮದುವೇಲಿ ನಾನು ಬಾಗಿಲಲ್ಲೇ ನಿಂತು ಎಲ್ಲರನ್ನೂ ಬನ್ನಿ ಬನ್ನಿ ಅಂತ ಕರೀಬೇಕು."

ಆ ಅಮ್ಮನಿಗೆ ಈಗ ಮರೆವು ಹತ್ತಿತ್ತು. ಮೊದಲು ಒಲೆ ಆರಿಸಲು ಮರೆತರು, ಆಮೇಲೆ ಮನೆಗೆ ಬರುವ ದಾರಿ. ಮಗಳು ತಾನು ಕೆಲಸಕ್ಕೆ ಹೋದಾಗ ಜೊತೆಗಿರಲೆಂದು ಒಬ್ಬಾಕೆಯನ್ನು ಇಟ್ಟಳು. ಮದುವೆಗೆಂದು ಕೂಡಿಟ್ಟದ್ದು ಔಷಧಿಗೆ, ಆಕೆಯ ಸಂಬಳಕ್ಕೆ ಸೋರಿಹೋಗುತ್ತಿತ್ತು. ಅಮ್ಮ ನೋಡಲೆಂದೇ ಆಗಬೇಕಾದ ಮದುವೆ, ಅಮ್ಮನಿಂದಲೇ ಮುಂದಕ್ಕೆ ಹೋಗುತ್ತಿತ್ತು. ಇದನ್ನು ಯಾರಿಗೆ ಹೇಳುವುದು?

ಮಂಟಪದ ಹಿಂದಿನ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಇಬ್ಬರೂ ಮದುವೆಯನ್ನು ಚಿಕ್ಕದು ಮಾಡುತ್ತಾ ಹೋಗುತ್ತಿದ್ದರು. ಫೋಟೋದವನು ಬೇಡ. ಕಾರ್ಡು ಬೇಡ, ಫೋನಲ್ಲೇ ಕರೆದರಾಯಿತು. ಹೂವು ಹಿಂದಿನ ದಿನದ ಮದುವೆಯದ್ದೇ ಆದೀತು.

"ಅರವತ್ತು ಜನ ನಲವತ್ತಾದ್ರೆ?" ಎಂದು ಅವಳು ಕೇಳಿದಳು.

"ನಿಮ್ಮ ಕಡೆ ಇಪ್ಪತ್ತು, ನನ್ನ ಕಡೆ ಇಪ್ಪತ್ತು. ನನ್ನ ಕಡೆ ಇರೋದೇ ಏಳು ಜನ. ಉಳಿದ ಹದಿಮೂರು ನಿಮಗೇ ದಾನ."

"ನಂಗೆ ಯಾರಿದಾರೆ ಅಷ್ಟೊಂದು?"

"ಹಾಗಾದ್ರೆ ನನ್ನನ್ನೇ ಎರಡು ಸಲ ಎಣಿಸ್ಕೊಳ್ಳಿ."

ಅವಳು ಬಾಯಿಗೆ ಅಡ್ಡ ಕೈ ಇಟ್ಟು ನಗುತ್ತಿದ್ದಳು. ಅವಳು ಹಾಗೆ ನಕ್ಕಾಗ ಅವನು ನೇರವಾಗಿ ನೋಡುತ್ತಿರಲಿಲ್ಲ, ಅವಳ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಕಾಣುವ ಮುಖವನ್ನು ಕದ್ದು ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಅದಕ್ಕೇ ಮುಚ್ಚಳವನ್ನು ಅವನ ಕಡೆ ವಾಲಿಸಿ ಇಡುತ್ತಿದ್ದಳು.

ವಸಂತದ ಕೊನೆಗೆ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು. "ಈಗ ನಿಮ್ಮ ಗುರುತು ಹಿಡೀತಾರೆ. ಮಳೆಗಾಲ ಮುಗಿಯೋ ಹೊತ್ತಿಗೆ ಹೀಗೇ ಇರ್ತಾರೆ ಅಂತ ನಾನು ಹೇಳಲಾರೆ."

ಅದೇ ವಾರ ಒಂದು ದೊಡ್ಡ ಮನೆಯ ಮದುವೆ ಮುರಿದುಬಿತ್ತು. ಹುಡುಗನಿಗೂ ಹುಡುಗಿಯ ಅಣ್ಣನಿಗೂ ಮಾತಿಗೆ ಮಾತು ಬೆಳೆದಿತ್ತು. ಇನ್ನು ಒಂಬತ್ತೇ ದಿನ ಇತ್ತು. ಮಂಟಪ, ಹೂವು, ವೇದಿಕೆ ಎಲ್ಲಕ್ಕೂ ದುಡ್ಡು ಕಟ್ಟಿ ಆಗಿತ್ತು. ಮಂಟಪದ ಯಜಮಾನರು ಆಫೀಸಿಗೆ ಬಂದು ಕುರ್ಚಿ ಎಳೆದು ಕೂತರು.

"ಆ ಭಾನುವಾರ ಖಾಲಿ ಬಿದ್ದಿದೆಯಲ್ಲಮ್ಮ, ನೀನೇ ತಗೋ. ಕರೆಂಟ್ ಬಿಲ್ಲು, ಕ್ಲೀನಿಂಗು ಕೊಟ್ಟರೆ ಸಾಕು. ಎಷ್ಟು ವರ್ಷ ಅಂತ ಬೇರೆಯವರ ರಸೀದಿ ಹರೀತೀಯ?"

ಅವಳು ತನ್ನ ಹೆಸರಿಗೆ ತಾನೇ ರಸೀದಿ ಬರೆದು ಸೀಲು ಒತ್ತಿದಳು. ಅವಸರದಲ್ಲಿ ಸೀಲು ಓರೆಯಾಯಿತು. ಅವಳು ರಸೀದಿಯನ್ನು ಆಫೀಸಿನ ಬಾಗಿಲಲ್ಲಿ ಎತ್ತಿ ಹಿಡಿದಾಗ, ಏಣಿಯ ತುದಿಯಿಂದ ಅದನ್ನು ನೋಡಿದ ಬಲ್ಬಣ್ಣ ಇಳಿದು ಬಂದು ಮಂಟಪದ ಅಷ್ಟೂ ದೀಪಗಳನ್ನು ಒಮ್ಮೆಲೇ ಹೊತ್ತಿಸಿದ.

"ಬಿಲ್ಲು ನಾವೇ ಕಟ್ಟಬೇಕು, ಆರಿಸಿ!" ಎಂದು ಅವಳು ಕೂಗಿದಳು.

"ಒಂದು ನಿಮಿಷ ಇರ್ಲಿ!" ಎಂದ ಅವನು.

ಆ ವಾರ ಮನೆಯಲ್ಲಿ ಅಮ್ಮ ಬೇರೆಯೇ ಆಗಿದ್ದರು. ಮರೆಯದಿರಲೆಂದು ಮಗಳು ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ಕೆಂಪು ಸುತ್ತು ಹಾಕಿದ್ದಳು. ಅಮ್ಮ ಹೊತ್ತು ಹೊತ್ತಿಗೂ ಅದರ ಮುಂದೆ ನಿಂತು, ಹೊಸ ಬಟ್ಟೆಯ ಮಡಿಕೆ ಬಿಡಿಸಿ, ಮತ್ತೆ ಮಡಿಸಿಟ್ಟು, ಖಾಲಿ ಬಾಗಿಲಿಗೆ ಕೈ ಮುಗಿದು ಅಭ್ಯಾಸ ಮಾಡುತ್ತಿದ್ದರು. "ಬನ್ನಿ ಬನ್ನಿ. ಊಟ ಮಾಡ್ಕೊಂಡೇ ಹೋಗಬೇಕು ಮತ್ತೆ."

ಗುರುವಾರ ಯಜಮಾನರು ಮತ್ತೆ ಬಂದರು. ಈ ಸಲ ಕೂರಲಿಲ್ಲ.

"ಆ ಎರಡು ಮನೆಯವರೂ ರಾಜಿ ಆದ್ರಂತೆ. ಅದೇ ದಿನ ಬೇಕಂತೆ."

ಅವಳು ರಸೀದಿ ಪುಸ್ತಕದ ಮೇಲೆ ಕೈ ಇಟ್ಟಳು. "ನನ್ನ ಹೆಸರಲ್ಲಿ ಇದೆ, ಸರ್."

"ಇದೆ. ನಾನು ಬಲವಂತ ಮಾಡಲ್ಲ." ಅವರು ಅವಳ ಮುಖ ನೋಡದೆ ಮೇಜಿನ ಮೇಲಿದ್ದ ಗುಂಡುಪಿನ್ನುಗಳನ್ನು ಸಾಲಾಗಿ ಜೋಡಿಸತೊಡಗಿದರು. "ಆದ್ರೆ ಅವರ ಮನೇಲಿ ಇನ್ನೂ ನಾಲ್ಕು ಮದುವೆ ಇದೆ. ಇಲ್ಲ ಅಂದ್ರೆ ಎಲ್ಲಾ ಕೈ ತಪ್ಪತ್ತೆ. ಆಮೇಲೆ ನಿನ್ನ ಮುಖ ನೋಡಿದಾಗೆಲ್ಲ ನಂಗೆ ಅದೇ ನೆನಪಾಗತ್ತೆ. ನೀನೇ ಯೋಚನೆ ಮಾಡು."

ಯೋಚಿಸಲು ಏನಿತ್ತು? ಅಮ್ಮನ ಜೊತೆಗಿರುವಾಕೆಯ ಸಂಬಳ ಈ ಸಂಬಳದಿಂದಲೇ ಹೋಗಬೇಕಿತ್ತು. ಅವಳು ರಸೀದಿಗೆ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದಳು. ಅವಳ ಅಕ್ಷರ ಯಾವತ್ತಿನಂತೆ ದುಂಡಗಿತ್ತು. ಅದನ್ನು ನೋಡಿಯೇ ಅವಳಿಗೆ ಅಳು ಬಂದದ್ದು.

ಹಿಂದಿನ ಮೆಟ್ಟಿಲ ಮೇಲೆ ಬಲ್ಬಣ್ಣ ಬೆರಳಿಗೆ ಟೇಪು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದ.

"ಜಗಳ ಆಡಿ ಬರ್ಲಾ?" ಎಂದ ಕೊನೆಗೆ.

"ನಿಮ್ಮ ಕೆಲಸಾನೂ ಹೋಗತ್ತೆ."

"ಹೋಗ್ಲಿ."

"ಹೋದ್ರೆ ನಾನು ಯಾರನ್ನ ನೋಡ್ಕೊಂಡು ಇಲ್ಲಿ ಕೂರ್ಲಿ?"

ಅವನು ಮೊದಲ ಸಲ ಅವಳ ಕೈ ಹಿಡಿದದ್ದು ಆವತ್ತು. ಇನ್ಸುಲೇಷನ್ ಟೇಪಿನ ಅಂಟು ಅವಳ ಬೆರಳಿಗೂ ಹತ್ತಿತು. ಬಿಡಿಸಿಕೊಳ್ಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಮದುವೆ ಮುಂದಕ್ಕೆ ಹೋಗಿದೆ ಎಂದು ಮಗಳು ಹೇಳಿದಾಗ ಅಮ್ಮ "ಆಗಲಿ ಬಿಡು" ಎಂದರು. ಕೆಂಪು ಸುತ್ತನ್ನು ಅಳಿಸಲು ಮಗಳಿಗೆ ಮನಸ್ಸಾಗಲಿಲ್ಲ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಮಂಟಪ ತುಂಬತೊಡಗಿತು. ರಸೀದಿ ಅಕ್ಕ ಅಡುಗೆಯವರ ಬಾಕಿ ಚೀಟಿ ನೋಡುತ್ತಿದ್ದಾಗ ಮುಂಬಾಗಿಲಿನಿಂದ ಒಂದು ದನಿ ಕೇಳಿಸಿತು. ಚೀಟಿ ಹಿಡಿದುಕೊಂಡೇ ಅವಳು ಎದ್ದು ಹೊರಗೆ ಬಂದಳು.

"ಬನ್ನಿ ಬನ್ನಿ! ಎಷ್ಟು ದೂರದಿಂದ ಬಂದ್ರೋ ಏನೋ. ನಮ್ಮ ಹುಡುಗಿ ಮದುವೆ. ಊಟ ಮಾಡ್ಕೊಂಡೇ ಹೋಗಬೇಕು!"

ಅಮ್ಮ. ಹೊಸ ಬಟ್ಟೆ ಉಟ್ಟು, ತಲೆ ನೀಟಾಗಿ ಬಾಚಿ, ಜೊತೆಗಿರುವಾಕೆಯ ಕಣ್ಣು ತಪ್ಪಿಸಿ, ಎರಡು ಬೀದಿ ಯಾರನ್ನೂ ಕೇಳದೆ ದಾಟಿ ಬಂದು ಬಾಗಿಲಲ್ಲಿ ನಿಂತಿದ್ದರು. ಹುಡುಗನ ಕಡೆಯವರು ಅವರನ್ನು ಹುಡುಗಿಯ ಕಡೆಯ ಹಿರಿಯರೆಂದುಕೊಂಡರು. ಹುಡುಗಿಯ ಕಡೆಯವರು ಹುಡುಗನ ದೊಡ್ಡಮ್ಮ ಇರಬೇಕೆಂದುಕೊಂಡರು. ಎಲ್ಲರೂ ಬಗ್ಗಿ ಕೈ ಮುಗಿದು ಒಳಗೆ ಹೋಗುತ್ತಿದ್ದರು. ಅಮ್ಮನ ಮುಖದಲ್ಲಿ ಅಂಥ ಬೆಳಕನ್ನು ಅವಳು ಎಂದೂ ಕಂಡಿರಲಿಲ್ಲ.

ಅವಳು ಓಡಿದಳು. ಏಣಿಯಿಂದ ಇಳಿದು ಬಂದ ಬಲ್ಬಣ್ಣ ದಾರಿಗೆ ಅಡ್ಡ ನಿಂತ.

"ಬಿಡಿ. ನಿಂತಿರ್ಲಿ."

"ಯಜಮಾನರು ನೋಡಿದ್ರೆ?"

"ನೋಡಿದಾರೆ. ಅವರೇ ಆಕಡೆ ಮುಖ ತಿರುಗಿಸ್ಕೊಂಡು ಹೋದ್ರು."

ಅಮ್ಮ ಇಬ್ಬರನ್ನೂ ಕಂಡು ರೇಗಿದರು. "ಏನೇ ಇದು, ಮದುಮಗಳು ಹೀಗಾ ಇರೋದು? ಕೈಯಲ್ಲಿ ಚೀಟಿ ಹಿಡ್ಕೊಂಡು! ಅಳಿಯಂದಿರೇ, ನೀವಾದ್ರೂ ಆ ಏಣಿ ಒಳಗಿಡಬಾರ್ದಾ?"

"ಇಡ್ತೀನಿ ಅತ್ತೆ," ಎಂದ ಬಲ್ಬಣ್ಣ. ಆ ಪದವನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮುನ್ನೂರು ಜನರನ್ನು ಅಮ್ಮ ಬರಮಾಡಿಕೊಂಡರು. ಮಧ್ಯಾಹ್ನ ಇಬ್ಬರೂ ಆಚೀಚೆ ಕೈ ಹಿಡಿದು ಅವರನ್ನು ಮನೆಗೆ ನಡೆಸಿಕೊಂಡು ಹೋದರು. ದಾರಿಯುದ್ದಕ್ಕೂ ಅಮ್ಮ ಹೇಳುತ್ತಲೇ ಇದ್ದರು: ಎಷ್ಟು ಜನ, ಎಂಥ ದೀಪ, ಒಬ್ಬರೂ ಬೇಜಾರು ಮಾಡಿಕೊಂಡು ಹೋಗಲಿಲ್ಲ. ಹಾಸಿಗೆಯ ಮೇಲೆ ಕೂತು, "ಇನ್ನು ನಂಗೇನೂ ಚಿಂತೆ ಇಲ್ಲಪ್ಪ" ಎಂದು ಕಣ್ಣು ಮುಚ್ಚಿದರು.

ಅವಳು ಹೊಸ್ತಿಲ ಬಳಿ ಬಂದು ನಿಂತಳು. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

"ಅಮ್ಮನ ಪಾಲಿಗೆ ಮದುವೆ ಆಗೋಯ್ತು," ಎಂದಳು. "ಇನ್ನು ಯಾರಿಗೋಸ್ಕರ ಮಂಟಪ, ಯಾರಿಗೋಸ್ಕರ ಹೂವು? ಅರ್ಜಿ ಹಾಕೋಣ, ಕರೆದಾಗ ಹೋಗಿ ಸೈನ್ ಹಾಕೋಣ. ಅಲ್ಲೀತನಕ..." ಮುಂದಿನದನ್ನು ಅವನ ಅಂಗಿಯ ಗುಂಡಿಗೆ ಹೇಳಿದಳು. "ನಾಳೆ ಇಲ್ಲಿಗೇ ಬಂದ್ಬಿಡಿ. ಅಳಿಯ ಎಲ್ಲಿ ಅಂತ ಅಮ್ಮ ಕೇಳಿದ್ರೆ ನಾನೇನು ಹೇಳ್ಲಿ?"

"ಅಮ್ಮ ಕೇಳ್ತಾರೆ ಅಂತ ಮಾತ್ರಾನಾ?"

"ನಾನೂ ಕೇಳ್ತೀನಿ."

 ಒಂದು ಚಪ್ಪಲಿ ಹಾಕಿಕೊಂಡವನು ಇನ್ನೊಂದನ್ನು ಮರೆತು ಅವಳನ್ನೇ ನೋಡುತ್ತಾ ನಿಂತುಬಿಟ್ಟ. ಈ ಸಲ ನೇರವಾಗಿ ನೋಡಿದ.

ಮರುದಿನ ಬೆಳಗ್ಗೆ ಎಂಟಕ್ಕೆ ಅವನು ಬಂದ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಟೂಲ್ಸ್ ಬ್ಯಾಗು. ಇಸ್ತ್ರಿ ಮಾಡಿದ ಅಂಗಿ. ಬಾಗಿಲು ತೆರೆದದ್ದು ಅಮ್ಮ. ಅವನ ಮುಖ ನೋಡಿದರು, ಟ್ರಂಕು ನೋಡಿದರು.

"ಯಾರು ಬೇಕಾಗಿತ್ತು?"

ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು. ಮೂರನೆಯ ಕಪ್ಪಿಗೆ ಆಗಲೇ ಸಕ್ಕರೆ ಹಾಕಿದ್ದಳು.

ಬಲ್ಬಣ್ಣ ಅಡುಗೆಮನೆಯ ಕಡೆ ನೋಡಿದ. ಆಮೇಲೆ ಟೂಲ್ಸ್ ಬ್ಯಾಗನ್ನು ಸ್ವಲ್ಪ ಮೇಲೆತ್ತಿ ತೋರಿಸಿದ. "ಕರೆಂಟ್ ರಿಪೇರಿಗೆ ಬಂದಿದೀನಮ್ಮ."

"ಹಾಗೋ, ಬನ್ನಿ." ಅಮ್ಮ ದಾರಿ ಬಿಟ್ಟರು. ಅವನು ಒಳಗೆ ಕಾಲಿಟ್ಟ ಮೇಲೆ ದನಿ ತಗ್ಗಿಸಿ, ಎಚ್ಚರಿಕೆಯಿಂದ ಹೇಳಿದರು. "ಬೇಗ ಮುಗಿಸ್ಕೊಂಡು ಹೊರಡಿ ಮತ್ತೆ. ಮನೇಲಿ ಮದುವೆ ಆಗದಿರೋ ಮಗಳಿದಾಳೆ."

"ಆಗ್ಲಿ ಅಮ್ಮ," ಎಂದು ಅವನು ಟ್ರಂಕನ್ನು ಬಾಗಿಲ ಹಿಂದೆ ಇಟ್ಟ.