ಕೊನೆಯಿಲ್ಲದ ಗುಂಡಿ

ಇದನ್ನು ಹೇಳಲು ನಾನ್ಯಾರು ಎಂಬ ಅಳುಕಿನಿಂದಲೇ ಶುರುಮಾಡುತ್ತಿದ್ದೇನೆ. ಸಂಜೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ಅಣ್ಣನ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವವಳು. ಪ್ರೇಮದ ಮಾತು ನನ್ನ ಕೈಯಲ್ಲಿ ಸೊಟ್ಟಗಾದರೆ ಕ್ಷಮಿಸಿ.

“ನಿನ್ನ ಪೇಷೆಂಟ್ ಬಂದ್ರು,” ಕೌಂಟರಿನಿಂದ ಅತ್ತಿಗೆ ಕೂಗಿದರು. “ರೋಗ ಮಷೀನಿಗೋ ಅವ್ರಿಗೋ, ಈ ಸಲ ಕೇಳ್ಕೋ.”

ಕ್ಲಬ್ಬಿನಲ್ಲಿ ಹಾಡು ಹಾಕುವ ಡಿಜೆ, ಸದ್ದು ಏರಿಳಿಸುವ ತಮ್ಮ ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಎಂದಿನಂತೆ ನನ್ನ ಬಲಕ್ಕೆ ಕೂತರು.

“ಡಾಕ್ಟ್ರೇ, ಈ ಗುಂಡಿಗಳನ್ನ ಕಿತ್ತು ಹಳೇ ಥರದ್ದು ಹಾಕ್ಬಿಡಿ. ತಿರುಗ್ಸಿದ್ರೆ ಒಂದು ಕಡೆ ನಿಲ್ಲಬೇಕು.”

ಅವು ಎಂಡ್‌ಲೆಸ್ ಎನ್‌ಕೋಡರ್‌ಗಳು. ಎಷ್ಟು ತಿರುಗಿಸಿದರೂ ಸುತ್ತುತ್ತಲೇ ಇರುತ್ತವೆ. ಸದ್ದು ಎಷ್ಟಿದೆಯೆಂದು ಲ್ಯಾಪ್‌ಟಾಪಿನ ಸಾಫ್ಟ್‌ವೇರಿಗೆ ಗೊತ್ತು, ಗುಂಡಿಗೆ ಗೊತ್ತಿಲ್ಲ. ಇಂಥದ್ದೇ ಬೇಕೆಂದು ಹಟ ಮಾಡಿ ಕೊಂಡವರು ಅವರೇ.

“ಆ ಬೋರ್ಡಿಗೆ ಹಳೇದು ಕೂರಲ್ಲ. ಇಷ್ಟು ಬೇಗ ಬೇಜಾರಾಯ್ತಾ?”

ನಕ್ಕರು. ಬೆರಳು ಮಾತ್ರ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತಲೇ ಇತ್ತು.

“ಹೋದ ವಾರ ಕ್ಲಬ್‌ನಲ್ಲಿ ಜನ ಕಿವಿ ಮುಚ್ಕೊಂಡ್ರು. ನನಗೆ ಸದ್ದು ಕಮ್ಮಿ ಅನ್ನಿಸ್ತಿತ್ತು. ಎಡಗಿವಿ ಹೋಗಿದೆ ಕಣ್ರೀ. ಬಲದ್ದೂ ಹೊರಟಿದೆ. ಎಲ್ಲಿ ನಿಲ್ಲಿಸ್ಬೇಕು ಅಂತ ಇನ್ಮೇಲೆ ಬೆರಳೇ ಹೇಳ್ಬೇಕು. ಇನ್ನೊಂದು ಸಲ ಹಂಗಾದ್ರೆ ಬರೋದೇ ಬೇಡ ಅಂದಿದ್ದಾರೆ ಮ್ಯಾನೇಜರ್.”

ಅವರ ಎಡಕ್ಕೆ ಕೂತು ನಾನು ಮೆಲ್ಲಗೆ ಆಡಿದ ಎಷ್ಟೋ ಮಾತಿಗೆ ಅವರು ಉತ್ತರಿಸದೆ ನಕ್ಕಿದ್ದರು. ತುಂಟತನ ಎಂದುಕೊಂಡು ನಾನು ರಾತ್ರಿಯೆಲ್ಲ ಆ ನಗುವನ್ನೇ ನೆನೆದಿದ್ದೆ.

ಗುಂಡಿಯ ಸುತ್ತ ಪುಟ್ಟ ದೀಪಗಳ ಬಳೆಯಿತ್ತು, ಹೊತ್ತುತ್ತಿರಲಿಲ್ಲ. ಗುಂಡಿಯ ಮಾತು ಸಾಫ್ಟ್‌ವೇರಿಗೆ ಹೋಗುತ್ತಿತ್ತು, ಅಲ್ಲಿಂದ ಉತ್ತರ ಬರುತ್ತಿರಲಿಲ್ಲ. ಯಾವ ಸದ್ದಿಗೆ ಯಾವ ದೀಪ ಎಂಬ ಮ್ಯಾಪಿಂಗನ್ನು ನಾನು ತಿದ್ದಿ, ಹಾಡೊಂದನ್ನು ಹಾಕಿದೆ. ಹಾಡಿನ ಸದ್ದು ಏರಿದಂತೆ ದೀಪಗಳು ಒಂದೊಂದಾಗಿ ಹೊತ್ತಿದವು. ಅತ್ತಿಗೆಯ ಉಗುರುಬಣ್ಣದಿಂದ ಒಂದು ದೀಪದ ಪಕ್ಕ ಕೆಂಪು ಚುಕ್ಕಿಯಿಟ್ಟೆ.

“ಇದನ್ನ ದಾಟ್ಬೇಡಿ.”

“ದಾಟಿದ್ರೆ?” ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಮಾತನ್ನು ಅಲ್ಲೇ ಓದುತ್ತಿದ್ದರು ಎಂಬುದೂ ಈಗ ಅರ್ಥವಾಯಿತು.

“ಬಂದು ಕೈ ಹಿಡ್ಕೋತೀನಿ.” ಅವರು ಮತ್ತೆ ಗುಂಡಿಯತ್ತ ತಿರುಗಿದರು. ಹಾಡು ಜೋರಾಗಿತ್ತು. ಆ ಧೈರ್ಯದಲ್ಲಿ ಹೇಳಿದೆ: “ದಾಟ್ದೆ ಇದ್ರೂ ಹಿಡ್ಕೋತೀನಿ.”

ಅವರು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು. ದೀಪಗಳು ಒಂದೊಂದಾಗಿ ಆರಿ, ಅಂಗಡಿ ನಿಶ್ಶಬ್ದವಾಯಿತು. ಎದ್ದು ಸ್ಟೂಲನ್ನು ನನ್ನ ಎಡಕ್ಕೆ ತಂದು, ಬಲಗಿವಿ ನನ್ನ ಕಡೆಗಾಗುವಂತೆ ಕೂತರು.

“ಈಗ ಹೇಳಿ.”

ಜೋರಾಗಿಯೇ ಹೇಳಿ, ಕೈ ಹಿಡಿದೆ. ಕೌಂಟರಿನಲ್ಲಿ ಅತ್ತಿಗೆ ಕೆಮ್ಮಿದರು. ಡಿಜೆ ನನ್ನ ಕೈ ಬಿಡಲಿಲ್ಲ.

ಕ್ಲಬ್ಬಿನವರು ಅವರನ್ನು ಇಟ್ಟುಕೊಳ್ಳುತ್ತಾರೋ, ಆ ಕಿವಿ ಇನ್ನೆಷ್ಟು ದಿನವೋ, ನನಗೆ ಗೊತ್ತಿಲ್ಲ. ಹಾಡಿನ ನಡುವೆ ಮೊದಲ ಸಲ ಹೇಳಿದ್ದು ಕೇಳಿಸಿತ್ತೇ ಎಂದು ಇವತ್ತಿಗೂ ಕೇಳಿಲ್ಲ.