ಫುಟ್‌ಪಾತಿನ ಅರ್ಧ ಪೇಪರು

ವಾರಿಜಾ ಅವನ ಮುಖಕ್ಕಿಂತ ಮೊದಲು ಅವನ ಬೆನ್ನನ್ನು ಬಲ್ಲಳು.

ಚೆಂಬೂರಿನ ಮೈದಾನದಲ್ಲಿ ಪ್ರತಿ ಚಳಿಗಾಲ ಮೂರು ಸಂಜೆ ಸಂಗೀತೋತ್ಸವ. ಟಿಕೆಟ್ ಕೊಂಡವರು ಪೆಂಡಾಲಿನ ಒಳಗೆ. ಕೊಳ್ಳಲಾಗದವರು ಹೊರಗಿನ ಫುಟ್‌ಪಾತಿನಲ್ಲಿ ಪೇಪರು ಹಾಸಿ ಕೂತು, ಬೀದಿಗೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ ಅದೇ ಗಾಯನ ಕೇಳುವುದು ಅಲ್ಲಿನ ರೂಢಿ. ವಾರಿಜಾಳ ಅಣ್ಣನ ಮನೆಯ ಬಾಲ್ಕನಿಯ ಕೆಳಗೇ ಒಬ್ಬ ಎರಡು ವರ್ಷಗಳಿಂದ ಬಂದು ಕೂರುತ್ತಿದ್ದ. ಬಿಳಿ ಶರ್ಟು, ತೊಡೆಯ ಮೇಲೆ ತಾಳ ಹಾಕುವ ಬೆರಳು. ಪೇಪರಿನ ಅರ್ಧದಲ್ಲಷ್ಟೇ ತಾನು ಕೂತು, ಉಳಿದರ್ಧವನ್ನು ಯಾರಿಗೋ ಎಂಬಂತೆ ಖಾಲಿ ಬಿಡುತ್ತಿದ್ದ. ಯಾರೂ ಬರುತ್ತಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅವಳು ಉಡುಪಿ ಬಿಟ್ಟು ಬಂದು ಆರು ವರ್ಷ. ಅಣ್ಣ ಹೋಟೆಲಿಗೆ ಹೋದರೆ ಬರುವುದು ಎಲ್ಲರೂ ಮಲಗಿದ ಮೇಲೆ. ಅತ್ತಿಗೆಗೆ ಅಡುಗೆಮನೆಯಾಚೆಗೆ ಮಾತಿಲ್ಲ. ವರ್ಷದಲ್ಲಿ ಆ ಮೂರು ಸಂಜೆ ಮಾತ್ರ ವಾರಿಜಾ ಒಂಟಿಯಲ್ಲ. ಅಷ್ಟೊಂದು ಜನರಿರುವ ಊರಿನಲ್ಲಿ ಒಂದು ಬೆನ್ನನ್ನು ನಂಬಿಕೊಂಡು ಬದುಕುವ ಹುಚ್ಚಿಗೆ ಏನೆನ್ನಬೇಕೋ!

ಕನ್ನಡ ಸಂಘದ ಭಾನುವಾರದ ಇಂಗ್ಲಿಷ್ ಕ್ಲಾಸಿಗೆ ಸೇರಿದ ದಿನ ಮುಂದಿನ ಬೆಂಚಿನಲ್ಲಿ ಅದೇ ಬೆನ್ನು ಕಂಡು ಅವಳು ಅದರ ಹಿಂದಿನ ಜಾಗವನ್ನೇ ಹಿಡಿದಳು. ಹೆಸರು ಈರಣ್ಣ. ಧಾರವಾಡದವನು, ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ.

ಒಂದು ಭಾನುವಾರ ಮೋನಪ್ಪ ಮಾಸ್ತರರು ಚರ್ಚೆಗೆ ವಿಷಯ ಕೊಟ್ಟರು. ಸಂಗೀತೋತ್ಸವದಿಂದ ನಮ್ಮ ಏರಿಯಾಕ್ಕೆ ಲಾಭವೋ ತೊಂದರೆಯೋ? ಇಂಗ್ಲಿಷಿನಲ್ಲೇ ಹೇಳಬೇಕು. ಹೋಟೆಲುಗಳಿಗೆ ಒಳ್ಳೆಯ ಗಿರಾಕಿ ಎಂದ ಶೆಟ್ಟೆಪ್ಪ. ಊರು ಬಿಟ್ಟು ಬಂದವರಿಗೆ ಮೂರು ಸಂಜೆ ಅದೇ ಊರು ಎಂದ ಈರಣ್ಣ.

"ಎಲ್ಲರೂ ಲಾಭ ಅಂದ್ರೆ ಅದೆಂಥ ಚರ್ಚೆ ಮಾರಾಯ್ರೇ? ವಾರಿಜಾ, ನೀವು ವಿರೋಧ ಮಾತಾಡಿ," ಎಂದರು ಮಾಸ್ತರರು.

ಅವಳು ಎದ್ದಳು. ಈರಣ್ಣ ಮೊದಲ ಸಲ ತಿರುಗಿ ನೋಡಿದ. ಹುಬ್ಬು ತುಸು ಏರಿಸಿ, ಹೇಳಿ ನೋಡೋಣ ಎಂಬಂತೆ ತುಟಿಯಂಚಿನಲ್ಲೇ ನಕ್ಕ. ಆ ನಗುವಿನೆದುರು ಅವಳಿಗೆ ಗೆಲ್ಲಲೇಬೇಕೆನಿಸಿತು. ತಾಯಿಗೆ ಕಾಯಿಲೆ, ಲೌಡ್‌ಸ್ಪೀಕರಿನ ಗದ್ದಲಕ್ಕೆ ಕಣ್ಣು ಮುಚ್ಚಲಾಗದೆ ಅಳುತ್ತಾಳೆ ಎಂದು ಬಂದಷ್ಟು ಇಂಗ್ಲಿಷನ್ನೆಲ್ಲ ಸುರಿದಳು. ಕ್ಲಾಸು ಚಪ್ಪಾಳೆ ತಟ್ಟಿತು. ಈರಣ್ಣನ ನಗು ಮಾತ್ರ ಮಾಯವಾಗಿತ್ತು.

ಮಾಸ್ತರರಿಗೆ ಹುರುಪು ಬಂತು. ಅಭ್ಯಾಸವೂ ಆಯಿತೆಂದು ಅದನ್ನೇ ಅರ್ಜಿಯಾಗಿ ಬರೆಸಿ, ಉತ್ಸವದ ಕಮಿಟಿಗೆ ಕಳುಹಿಸಲು ಎಲ್ಲರ ಸಹಿ ಕೇಳಿದರು. ಮೊದಲ ಸಹಿ ಈರಣ್ಣನದು.

"ನೀವು ಸಂಗೀತದ ಪರ ಅಲ್ವಾ?" ಮೆಟ್ಟಿಲ ಬಳಿ ವಾರಿಜಾ ಕೇಳಿದಳು.

"ಅವ್ವಗ ನಿದ್ದಿ ಇಲ್ಲಂದ್ರ ಹಾಡು ಯಾರಿಗೆ ಬೇಕ್ರಿ? ನಮ್ಮವ್ವನ್ನ ಕಡೀಕ ನೋಡಾಕ ಆಗಲಿಲ್ಲ ನನಗ. ನಿಮ್ಮವ್ವ ಆದ್ರೂ ಆರಾಮ ಇರಲಿ."

ಸುಳ್ಳೆಂದು ಆಗಲೇ ಹೇಳಬಹುದಿತ್ತು. ಹೇಳಿದರೆ ಆ ಕಣ್ಣುಗಳಲ್ಲಿದ್ದ ಆದರ ಹೋಗಿಬಿಡುತ್ತದೆಂದು ಅವಳು ಬಾಯಿ ಬಿಡಲಿಲ್ಲ.

ಕಮಿಟಿಯವರು ಬೀದಿಯ ಲೌಡ್‌ಸ್ಪೀಕರುಗಳನ್ನು ತೆಗೆಸಿದರು. ಆ ವರ್ಷ ಮೂರೂ ಸಂಜೆ ವಾರಿಜಾ ಬಾಲ್ಕನಿಯಲ್ಲಿ ನಿಂತಳು. ಪೆಂಡಾಲಿನ ದೀಪ ಕಂಡಿತು, ಹಾಡು ಕೇಳಲಿಲ್ಲ. ಕೆಳಗೆ ಫುಟ್‌ಪಾತ್ ಬರಿದಾಗಿತ್ತು. ತನಗಿದ್ದ ಒಂದೇ ಜೊತೆಯನ್ನು ಕೈಯಾರೆ ಕಳೆದುಕೊಂಡೆನಲ್ಲ ಎಂದು ಅವಳಿಗೆ ಅಳು ಬಂತು.

ಮರುಭಾನುವಾರ ಮಾಸ್ತರರು ಹೆಮ್ಮೆಯಿಂದ ಕೇಳಿದರು: "ನಮ್ಮ ಅರ್ಜಿಯ ಪರಿಣಾಮ ಏನಾಯ್ತು, ಯಾರು ಹೇಳ್ತೀರಿ?"

ವಾರಿಜಾ ಎದ್ದಳು. ಇಂಗ್ಲಿಷ್ ಹೊರಡಲಿಲ್ಲ.

"ನನ್ನಮ್ಮ ತೀರಿಹೋಗಿ ಆರು ವರ್ಷ ಆಯ್ತು ಸರ್. ಅವತ್ತು ಗೆಲ್ಲಲಿಕ್ಕೆ ಸುಳ್ಳು ಹೇಳಿದೆ. ಸಂಗೀತ ಇದ್ರೆ ನಮ್ಮ ಬಾಲ್ಕನಿ ಕೆಳಗೆ ಒಬ್ರು ಅರ್ಧ ಪೇಪರಿನಲ್ಲಿ ಬಂದು ಕೂತ್ಕೊಳ್ತಿದ್ರು. ಅವರನ್ನು ನೋಡ್ಲಿಕ್ಕೆ ನಾನು ವರ್ಷವಿಡೀ ಕಾಯ್ತಿದ್ದೆ. ಈ ಸಲ ಅವರು ಬರ್ಲಿಲ್ಲ. ಅಷ್ಟೇ ಪರಿಣಾಮ."

ಮುಂದಿನ ಬೆಂಚಿನ ಬೆನ್ನು ಅಲುಗಲಿಲ್ಲ. ಅವಳು ಚೀಲ ಎತ್ತಿಕೊಂಡು ಹೊರಟುಬಿಟ್ಟಳು.

"ನಿಲ್ರಿ." ಮೆಟ್ಟಿಲಿನಲ್ಲಿ ಈರಣ್ಣನ ದನಿ. "ಸತ್ತ ತಾಯಿ ಹೆಸರಿನ್ಯಾಗ ಸುಳ್ಳ ಹೇಳಬಾರದಿತ್ತು ನೀವು."

"ಗೊತ್ತುಂಟು."

"ನನಗ ಸಿಟ್ಟ ಬಂದದ."

"ಬರ್ಬೇಕಾದ್ದೇ."

ಅವನು ಕಂಕುಳಲ್ಲಿದ್ದ ಪೇಪರು ಬಿಡಿಸಿ, ಮೆಟ್ಟಿಲ ಮೇಲೆ ಹಾಸಿ, ಅರ್ಧದಲ್ಲಿ ಕೂತ.

"ಆ ಅರ್ಧ ಯಾರಿಗೆ ಬಿಡ್ತಿದ್ರಿ?" ಅವಳು ಮೆಲ್ಲಗೆ ಕೇಳಿದಳು.

"ಅವ್ವಗ. ಊರಾಗ ಆಕಿ ಜೋಡಿನ ಕುಂತ ಹಾಡು ಕೇಳತಿದ್ದೆ." ಅವನು ಖಾಲಿ ಅರ್ಧದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ಸಿಟ್ಟ ಇಳಿಯೂ ತನಕ ಕೂಡ್ರಿ. ಟೈಮ್ ಹಿಡೀತದ."

ವಾರಿಜಾ ಸೆರಗು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅಲ್ಲಿಂದ ಅವನ ಬೆನ್ನು ಕಾಣುತ್ತಿರಲಿಲ್ಲ.