ಮೂರನೇ ಮಹಡಿಯ ಪೂರ್ವದ ಕಿಟಕಿ

ಹನ್ನೊಂದನೆಯ ಹಳದಿ ಚೀಟಿಯನ್ನು ಬಟ್ಟೆ ಕೋಣೆಯ ಬಾಗಿಲಿಗೆ ಅಂಟಿಸಿ, ರೇಲೀನ್ ಹೆಬ್ಬೆರಳಿನಿಂದ ಒತ್ತಿದಳು. ಅಡಿಲೇಡಿನ ಈ ಹಳೆಯ ಹೆರಿಗೆ ಆಸ್ಪತ್ರೆಯ ಜಾಗದಲ್ಲಿ ಇನ್ನು ಅಂಗಡಿ, ಕಚೇರಿ, ಮನೆಗಳು ಏಳಲಿವೆ. ಒಡೆಯುವ ಮುನ್ನ ಏನನ್ನು ಉಳಿಸಬೇಕೆಂದು ಹಳೆಯ ಸಿಬ್ಬಂದಿ ಚೀಟಿ ಅಂಟಿಸಿ ತೋರಿಸಬೇಕು. ಇಲ್ಲಿ ಇಪ್ಪತ್ತೆಂಟು ವರ್ಷ ಹಾಸಿಗೆ ಬಟ್ಟೆ ಮಡಚಿದವಳಿಗೆ ಆ ಕೆಲಸ ಬಂದಿತ್ತು.

"ಒಡೆಯೋಕೆ ನನಗೂ ಏನಾದ್ರೂ ಬಿಡೇ, ಮಾರಾಯ್ತಿ."

ಡೆಸ್. ಒಡೆಯುವ ತಂಡದ ಮೇಸ್ತ್ರಿ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮೂರು ವಾರಗಳಿಂದ ಅವನ ಫ್ಲಾಸ್ಕಿನಲ್ಲಿ ಇಬ್ಬರಿಗಾಗುವಷ್ಟು ಚಹಾ ಇರುತ್ತಿತ್ತು.

"ನಿನ್ನ ಹೆಲ್ಮೆಟ್‌ಗೂ ಒಂದು ಅಂಟಿಸ್ಲಾ?"

"ಅಂಟಿಸು. ಉಳಿಸ್ಕೊಂಡವರ ಹತ್ರಾನೇ ಇರ್ತೀನಿ."

ಅವಳು ನಕ್ಕಳು. ಅವನು ನಗಲಿಲ್ಲ. ಜಾಕೆಟ್ಟಿನಿಂದ ನಕ್ಷೆಯೊಂದನ್ನು ತೆಗೆದು, ಮಡಿಕೆ ಬಿಡಿಸಿ, ಒಂದು ಚೌಕದ ಮೇಲೆ ಬೆರಳಿಟ್ಟ. ಮೊದಲ ದಿನ ಅವಳು ಮೊದಲ ಚೀಟಿ ಅಂಟಿಸಿದ್ದನ್ನು ಅವನು ನೋಡಿದ್ದನಂತೆ. ಮೂರನೇ ಮಹಡಿ, ಪೂರ್ವದ ಕಿಟಕಿ. ಆ ಗೋಡೆ ಹಾಗೇ ಉಳಿಯುತ್ತದಂತೆ. ಅದರ ಹಿಂದೆ ಬರುವ ಮನೆಗೆ ಹೆಸರು ಬರೆಸಿ ಬಂದಿದ್ದನಂತೆ.

"ಆ ಕಿಟಕಿ ಅಂದ್ರೆ ನಿನಗೆ ಇಷ್ಟ ಅಲ್ವಾ? ಅಲ್ಲಿ ನಾವಿಬ್ರೂ ಇರೋಣ ರೇಲೀನ್."

ಚೀಟಿಗಳ ಕಟ್ಟು ಅವಳ ಕೈಯಿಂದ ಜಾರಿತು.

ಇಷ್ಟವೇ? ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಕಿಟಕಿಯಿದ್ದ ವಾರ್ಡಿನಲ್ಲಿ ಅವಳು ಹೆತ್ತ ಮಗು ಅಳಲಿಲ್ಲ. ತೋರಿಸಬೇಡಿ, ಬೇಗ ಮರೆಯುತ್ತಾಳೆ ಎಂದರು ಡಾಕ್ಟರು. ನರ್ಸೊಬ್ಬಳು ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆ ಕಿಟಕಿಯ ಮುಂದೆ ಹಾದುಹೋದಳು. ಬೆಟ್ಟದ ಕಡೆಯಿಂದ ಬಂದ ಬಿಸಿಲಿನಲ್ಲಿ ಒಂದು ಪುಟ್ಟ ಹಿಮ್ಮಡಿ ಕಂಡಿತು. ಅಷ್ಟೇ. ಅದಕ್ಕಾಗಿಯೇ ಇಲ್ಲಿ ಕೆಲಸಕ್ಕೆ ಸೇರಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ. ಸಮಾಧಿಯ ಕಲ್ಲನ್ನು ಉಳಿಸುವ ಹಾಗೆ ಆ ಕಿಟಕಿಯನ್ನು ಉಳಿಸಿದ್ದಳು. ಈ ಮನುಷ್ಯ ಅಲ್ಲಿ ಸಂಸಾರ ಹೂಡುವ ಮಾತಾಡುತ್ತಿದ್ದ.

ಡೆಸ್ ಮಂಡಿಯೂರಿ ಚೀಟಿಗಳನ್ನು ಒಂದೊಂದಾಗಿ ಆರಿಸುತ್ತಿದ್ದ. ಗೋಡೆಗಳನ್ನು ಉರುಳಿಸುವ ಆ ದಪ್ಪ ಬೆರಳುಗಳು ಒಂದರ ಅಂಚನ್ನೂ ಮಡಚಲಿಲ್ಲ.

"ತಪ್ಪು ಮಾಡಿದ್ನಾ?" ತಲೆಯೆತ್ತದೆ ಕೇಳಿದ. "ಹೇಳಿಬಿಡು. ಹೆಸರು ತೆಗೆಸ್ತೀನಿ."

ಅವಳು ಬಗ್ಗಿ ಅವನ ಕೈಯಿಂದ ಚೀಟಿಗಳನ್ನು ತೆಗೆದುಕೊಂಡಳು. "ತೆಗೆಸಬೇಡ."

"ಬೆಳಿಗ್ಗೆ ಒಳ್ಳೇ ಬಿಸಿಲು ಬರುತ್ತೆ ಅಲ್ಲಿ."

"ಗೊತ್ತು," ಎಂದಳು.

ಅವನು ಖುಷಿಯಿಂದ ನಕ್ಷೆಯಲ್ಲಿ ಕಿಟಕಿಯ ಕೆಳಗೆ ಮಂಚದ ಜಾಗ ತೋರಿಸುತ್ತಿದ್ದ. ರೇಲೀನ್ ಅವನ ಬೆರಳನ್ನು ಮೆಲ್ಲಗೆ ಎದುರಿನ ಗೋಡೆಯ ಗೆರೆಗೆ ಸರಿಸಿದಳು. ಕಿಟಕಿಯ ಮುಂದೆ ಏನನ್ನೂ ಇಡಕೂಡದು, ಮಗುವೊಂದು ಹಾದುಹೋಗುವಷ್ಟು ಜಾಗ ಬಿಡಬೇಕು ಎಂದು ನಿರ್ಧರಿಸಿದಳು. ಯಾಕೆಂದು ಅವನು ಕೇಳಿದ. ಸೆಕೆ ಜಾಸ್ತಿ ಎಂದಳು.